ತೂಕ ತಪ್ಪದ ಪೆಟ್ಟಿಗೆ

ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಒಳಗೆ ಗಿಟಾರ್ ಇರಲಿಲ್ಲ. ಮರಳಿತ್ತು.

ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಳು, ಅದು ಅಲುಗಾಡದಂತೆ ಸುತ್ತ ತುರುಕಿದ ಹಳೆಯ ಕಂಬಳಿ. ಪೆಟ್ಟಿಗೆಯ ಸಪೂರ ತುದಿಯಲ್ಲಿ, ಗಿಟಾರಿನ ತಲೆ ಇರಬೇಕಾದ ಕಡೆ, ಗೋಣಿತಟ್ಟು ಸುತ್ತಿದ ಒಂದು ತುಂಡು ಕಬ್ಬಿಣದ ಪೈಪು. ಅಷ್ಟೇ.

ಆಗ ಆ ಶೆಡ್ಡಿನಲ್ಲಿದ್ದವರು ಮೂವರು. ಶೆಡ್ಡಿನ ಯಜಮಾನ ಡ್ರಮ್ ಬಾರಿಸುವವನು. ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ಎಲ್ಲರೂ ಅವನನ್ನು ಗುಡುಗು ಅಂತಲೇ ಕರೆಯುತ್ತಿದ್ದರು. ಪೆಟ್ಟಿಗೆ ಹೊತ್ತು ತಂದವನು ಒಂದು ಕಾಲದಲ್ಲಿ ಅದೇ ಶೆಡ್ಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು. ಆಳು ಕಡ್ಡಿಯಂತಿದ್ದರೂ ಅವನ ವಾದ್ಯದ ತಂತಿಗಳು ಹಗ್ಗದಷ್ಟು ದಪ್ಪ ಎಂದು ಜನ ಅವನಿಗೆ ದಪ್ಪತಂತಿ ಎಂದು ಹೆಸರಿಟ್ಟಿದ್ದರು. ಮೂರನೆಯವಳು ಪತ್ತೆಯಮ್ಮ.

ಪತ್ತೆಯಮ್ಮ ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನ ಹಿಂದೆ ಕೂತು ಕೂತೇ ನಿವೃತ್ತಿಯಾದವಳು. ಕೊಡೆ, ಟಿಫಿನ್ ಡಬ್ಬಿ, ಹಲ್ಲಿನ ಸೆಟ್ಟು, ಒಮ್ಮೆ ಒಬ್ಬರ ಅತ್ತೆ — ಬಿಟ್ಟುಹೋದದ್ದನ್ನೆಲ್ಲ ಅವಳು ವಾರಸುದಾರರಿಗೆ ಸೇರಿಸಿದ್ದಳು. ಕೆಲಸ ಬಿಟ್ಟರೂ ಜನ ಬಿಡಲಿಲ್ಲ. ಏನು ಕಳೆದರೂ ಅವಳ ಬಾಗಿಲಿಗೇ.

ದಪ್ಪತಂತಿಯೂ ಹಾಗೇ ಬಂದವನು. ಮಗಳು ಹುಟ್ಟಿದ ವರ್ಷ ಕೈಯಲ್ಲಿ ಕಾಸಿಲ್ಲದೆ ಆ ಗಿಟಾರನ್ನು ಮಾರಿದ್ದ. ಮಾರಿದ ಮರುದಿನದಿಂದಲೇ ಅದನ್ನು ಹುಡುಕುತ್ತಿದ್ದ. ಅದೇ ತಯಾರಿಕೆಯ ಇನ್ನೊಂದು ಸಿಕ್ಕರೂ ಬೇಡ. ತನ್ನದೇ ಬೇಕು, ಹಿಂಬದಿಯಲ್ಲಿ ಬೆಲ್ಟಿನ ಬಕಲು ಉಜ್ಜಿ ಬಣ್ಣ ಹೋದದ್ದು. ಮಗಳು ದೊಡ್ಡವಳಾಗಿ ಮದುವೆಯಾಗಿ ಹೋದಳು, ಹುಡುಕಾಟ ಮನೆಯಲ್ಲೇ ಉಳಿಯಿತು. ಕೊನೆಗೆ ಪತ್ತೆಯಮ್ಮನ ಮಂಡಿ ಸವೆಯಿತು. ಅವಳು ಹತ್ತದ ಮೆಟ್ಟಿಲಿಲ್ಲ, ತಟ್ಟದ ಹಳೇ ಸಾಮಾನಿನ ಅಂಗಡಿಯಿಲ್ಲ. ಪಕ್ಕದ ಊರಿನ ವಾದ್ಯದಂಗಡಿಯಲ್ಲಿ, ಒಡೆದ ಹಾರ್ಮೋನಿಯಮ್ಮಿನ ಹಿಂದೆ, ಅದು ಕಂಡಾಗ ಅವಳಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಕೂರಬೇಕೆಂಬ ಆಸೆ.

ಈಗ ಮತ್ತೆ ಏಳಬೇಕು.

"ಅಂಗಡೀಲಿ ತೆರೆದು ನೋಡ್ಲಿಲ್ವಾ?" ಎಂದು ಕೇಳಿದಳು.

"ಮೊದಲನೇ ಸಲ ಹೋದಾಗ ನೋಡಿದ್ದೆ. ನಂದೇ. ಸೌಂಡ್ ಬರ್ತಿರ್ಲಿಲ್ಲ, ಒಳಗಿನ ವೈರು ಹೋಗಿತ್ತು. ರಿಪೇರಿಗೆ ಬಿಟ್ಟು ಬಂದೆ. ನಿನ್ನೆ ತರೋವಾಗ ತೆರೀಲಿಲ್ಲ. ತೆರೆದ್ರೆ ಈ ಶೆಡ್ಡಲ್ಲೇ ಅಂತ ಮನಸ್ಸಿತ್ತು."

"ಬಸ್ಸಲ್ಲಿ?"

"ಎರಡು ಕಾಲಿನ ಮಧ್ಯೆ ನಿಲ್ಲಿಸ್ಕೊಂಡಿದ್ದೆ."

"ಮನೇಲಿ?"

"ಬಾಗಿಲಲ್ಲೇ ಹೆಂಡ್ತಿ ಇಸ್ಕೊಂಡು ಒಳಗಿಟ್ಟಳು. ನಾನು ಇವನಿಗೆ ಸುದ್ದಿ ಹೇಳೋಕೆ ಬಂದೆ. ಇವತ್ತು ಬೆಳಿಗ್ಗೆ ಎತ್ಕೊಂಡು ಬಂದೆ."

"ತೂಕದಲ್ಲಿ ವ್ಯತ್ಯಾಸ?"

"ಗುಲಗಂಜಿಯಷ್ಟೂ ಇಲ್ಲ. ನಿನ್ನೆ ಹೇಗೆ ಬಂತೋ ಇವತ್ತೂ ಹಾಗೇ — ತಲೆ ಕಡೆ ವಾಲ್ಕೊಂಡು. ಅದರ ತಂತಿ ಬಿಗಿಯೋ ಬಿರಡೆಗಳು ಹಳೇ ಕಾಲದ ಕಬ್ಬಿಣ, ಕೊರಳಿಗೆ ಹಾಕ್ಕೊಂಡಾಗ್ಲೂ ಹಾಗೇ ವಾಲುತ್ತೆ."

"ಹಂಗಾದ್ರೆ ಮುಗೀತಲ್ಲ," ಎಂದ ಗುಡುಗು. "ಅಂಗಡಿಯಿಂದ್ಲೇ ಮರಳು ಹೊತ್ಕೊಂಡು ಬಂದಿದ್ದೀಯ. ಟಿಕೆಟ್ ಬೇರೆ ತಗೊಂಡಿದ್ದೀಯ ಅದಕ್ಕೆ." ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ ಹಳೆಯ ಆಂಪ್ಲಿಫೈಯರ್ ಡಬ್ಬವನ್ನು ಕಾಲಿನಿಂದ ತಳ್ಳಿದ. "ಪ್ರತಿ ಕಾರ್ಯಕ್ರಮಕ್ಕೂ ಈ ಶನಿ ಡಬ್ಬ ತಬ್ಕೊಂಡು ಬಂದೂ ಬಂದೂ ಇವನ ಬೆನ್ನು ಬಿಲ್ಲಾಯ್ತಮ್ಮ. ಈಗ ಇದು ನೋಡಿ."

ದಪ್ಪತಂತಿ ನಗಲಿಲ್ಲ. ಬಲಗೈಯೊಂದರಲ್ಲೇ ಮುಚ್ಚಳ ಹಾಕಿ, ಹೆಬ್ಬೆರಳಿನಿಂದ ಕೊಂಡಿಗಳನ್ನು ಒಂದೊಂದಾಗಿ ಒತ್ತಿದ. ಎಡಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಪತ್ತೆಯಮ್ಮ ಅದನ್ನು ನೋಡಿದಳು.

ಪತ್ತೆಯಮ್ಮ ಪಕ್ಕದ ಊರಿನ ವಾದ್ಯದಂಗಡಿಗೆ ಹೋದಾಗ ಅಂಗಡಿಯವನು ಮಾತಿಗೆ ಮೊದಲೇ ಬಿಸಿಯಾಗಿದ್ದ. ಗುಡುಗು ಫೋನಿನಲ್ಲಿ ಆಗಲೇ ಅವನ ಮೂರು ತಲೆಮಾರನ್ನು ತೊಳೆದಿಟ್ಟಿದ್ದನಂತೆ. ಆ ಗಿಟಾರಿಗೆ ಇನ್ನೊಬ್ಬ ಗಿರಾಕಿ ಇದ್ದದ್ದು ನಿಜ, ಹಳೆಯ ವಾದ್ಯ ಕೂಡಿಡುವ ಶ್ರೀಮಂತ, ಹೆಚ್ಚಿಗೆ ಕೊಡುತ್ತೇನೆ ಅಂದದ್ದೂ ನಿಜ. ಆದರೆ ಕೊಟ್ಟ ಮಾತು ಮಾತೇ ಎಂದು ಒಂದೇ ಉಸಿರಿಗೆ ಹೇಳಿದ. ಆಮೇಲೆ ದನಿ ತಗ್ಗಿಸಿ ಹಿಂಬದಿಯ ಪರದೆಯ ಕಡೆ ಗಲ್ಲದಿಂದ ಸನ್ನೆ ಮಾಡಿದ. ಅಲ್ಲಿ ರಿಪೇರಿಯವನ ಬೆಂಚು. ಕೊನೆಯದಾಗಿ ವಾದ್ಯ ಮುಟ್ಟಿದವನು ಅವನು. ನಾಳೆಯಿಂದ ಬರಬೇಡ ಅಂದಾಗಿದೆ.

ರಿಪೇರಿಯವನು ನಡುವಯಸ್ಸು ದಾಟಿದವನು. ಬೆಸುಗೆ ಕಡ್ಡಿಯ ವೈರನ್ನು ಮೊಣಕೈಗೆ ಸುತ್ತುತ್ತ, ತನ್ನ ಸಾಮಾನನ್ನು ಒಂದು ಬಟ್ಟೆಯಲ್ಲಿ ಕಟ್ಟುತ್ತಿದ್ದ. ಜಗಳವಾಡುವ ಶಕ್ತಿ ಮುಖದಲ್ಲಿ ಇರಲಿಲ್ಲ.

"ರಿಪೇರಿ ಮುಗಿಸಿ ಪೆಟ್ಟಿಗೆಗೆ ಹಾಕಿದ್ದು ನೀವೇನಾ?"

"ನಾನೇ. ಚೆನ್ನಾಗಿ ನುಡೀತಿತ್ತು ಅಮ್ಮ. ಬೆಂಚಿನ ಮೇಲಿನ ಸ್ಕ್ರೂ ಎಲ್ಲ ಕುಣೀತಿದ್ವು."

"ಪೆಟ್ಟಿಗೆ ಎತ್ತಿದ್ರೆ ಯಾವ ಕಡೆ ವಾಲುತ್ತೆ?"

ಅವನು ಸುತ್ತುವುದನ್ನು ನಿಲ್ಲಿಸಿದ. "ವಾಲುತ್ತಾ? ಗೊತ್ತಿಲ್ಲ. ನಾನು ಪೆಟ್ಟಿಗೆ ಎತ್ತಲ್ಲ."

ಪತ್ತೆಯಮ್ಮ ಹೊರಗೆ ಬಂದು ಖಾಲಿ ಬಿದ್ದಿದ್ದ ಇನ್ನೊಂದು ಪೆಟ್ಟಿಗೆಯನ್ನು ಗಲ್ಲಾಪೆಟ್ಟಿಗೆಯ ಮೇಜಿನ ಮೇಲಿಡಲು ಅಂಗಡಿಯವನಿಗೆ ಹೇಳಿದಳು. ಅವನು ಬಗ್ಗಿ ಅದನ್ನು ಎರಡೂ ತೋಳಿನಲ್ಲಿ ತಬ್ಬಿ, ನಿದ್ದೆಹೋದ ಮಗುವನ್ನು ಎತ್ತುವಂತೆ ಎತ್ತಿದ.

"ಹಿಡಿ ಇದೆಯಲ್ಲ, ಹಿಡಿ ಹಿಡ್ಕೊಂಡು ಎತ್ತಬಾರದಾ?"

"ಹಳೇ ಪೆಟ್ಟಿಗೆ ಹಿಡಿ ನಂಬಿ ಒಂದ್ಸಲ ಕಾಲ್ಬೆರಳು ಜಜ್ಜಿಸ್ಕೊಂಡಿದ್ದೀನಿ. ಈ ಅಂಗಡೀಲಿ ಯಾರೂ ಹಿಡಿ ಮುಟ್ಟಲ್ಲ. ತಬ್ಬೇ ಎತ್ತೋದು. ನಿನ್ನೆ ಅವರಿಗೆ ಕೊಟ್ಟಿದ್ದೂ ಹೀಗೇ."

"ಇವರನ್ನ ಇವತ್ತೊಂದು ದಿನ ಕಳಿಸಬೇಡಿ," ಎಂದಳು ಪತ್ತೆಯಮ್ಮ, ರಿಪೇರಿಯವನನ್ನು ತೋರಿಸಿ.

"ಗಿಟಾರ್ ಬಂದ್ರೆ ಇರ್ತಾನೆ. ಬರದಿದ್ರೆ ನನ್ನ ಹೆಸರು ಹೋದ ಹಾಗೆ, ಅವನೂ ಹೋಗ್ಲಿ."

ರಿಪೇರಿಯವನು ಅವಳ ಕಡೆ ನೋಡಲಿಲ್ಲ. ಗಂಟನ್ನು ಬಿಚ್ಚಲೂ ಇಲ್ಲ, ಕಟ್ಟಲೂ ಇಲ್ಲ. ಅದರ ಮೇಲೆ ಕೈಯಿಟ್ಟು ಕೂತ.

ಹಿಂದಿರುಗುವ ಬಸ್ಸಿಗೆ ಕಾಯುತ್ತ ಪತ್ತೆಯಮ್ಮ ಕಲ್ಲುಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿದಳು. ಬಿಟ್ಟುಬಿಡೋಣವೇ ಅನ್ನಿಸಿತು. ಒಂದು ಸಲ ಹುಡುಕಿ ಕೊಟ್ಟಾಗಿದೆ. ಹುಡುಕಿ ಕೊಟ್ಟದ್ದನ್ನೇ ಮತ್ತೆ ಹುಡುಕುವುದು ಅರೆದ ಹಿಟ್ಟನ್ನೇ ಅರೆದ ಹಾಗೆ. ಆದರೆ ಆ ಗಂಟಿನ ಮೇಲಿನ ಕೈ ಕಣ್ಣಿಂದ ಹೋಗಲಿಲ್ಲ.

ಪಕ್ಕದಲ್ಲಿ ಒಬ್ಬ ಹೆಂಗಸು ಯಾರದೋ ಚೀಲ ಎತ್ತಿದಳು, ತಕ್ಷಣ ಕೆಳಗಿಟ್ಟಳು, ಪಕ್ಕದಲ್ಲಿದ್ದ ಅದೇ ಬಣ್ಣದ ತನ್ನ ಚೀಲ ಎತ್ತಿಕೊಂಡು ನಡೆದಳು. ಕಣ್ಣು ಹಾಯಿಸಲೇ ಇಲ್ಲ.

ಪತ್ತೆಯಮ್ಮ ಕಾಲನ್ನು ಮತ್ತೆ ಚಪ್ಪಲಿಗೆ ತೂರಿಸಿದಳು.

ದಪ್ಪತಂತಿಯ ಮನೆಯ ಮುಂದಿನ ಕೋಣೆಯೇ ಅವನ ಹೆಂಡತಿಯ ಹೊಲಿಗೆ ಅಂಗಡಿ. ಯಂತ್ರದ ಮೇಲೆ ಅರ್ಧ ಹೊಲಿದ ಪರದೆ. ಗೋಡೆಗೆ ಒತ್ತಿ ಬಟ್ಟೆಯ ಥಾನುಗಳು. ಅವಳು ಗಂಡನ ಅಂಗಿಯ ಬಲತೋಳಿನ ಗುಂಡಿ ಹಾಕುತ್ತಿದ್ದಳು. ಅವನು ಶಾಲೆಗೆ ಹೊರಟ ಹುಡುಗನಂತೆ ಕೈ ಚಾಚಿ ನಿಂತಿದ್ದ. ಎಡಗೈ ಆಗಲೂ ಜೇಬಿನಲ್ಲೇ ಇತ್ತು.

"ಅಂಗಡಿಯವನು ಒಪ್ಕೊಂಡನಾ?" ಎಂದ.

"ಒಪ್ಪೋಕೆ ಅವನು ಕದ್ದಿಲ್ಲ." ಪತ್ತೆಯಮ್ಮ ಸ್ಟೂಲು ಎಳೆದುಕೊಂಡು ಕೂತಳು. "ನೀರು ಕೊಡಮ್ಮ. ಕುಡಿದು ಹೇಳ್ತೀನಿ."

ಹೆಂಡತಿ ನೀರು ತಂದಳು. ತುಂಬಿದ ಲೋಟ ಒಂದು ಹನಿಯೂ ತುಳುಕಲಿಲ್ಲ. ಹೊಲಿಯುವವರ ಕೈ.

"ನಾವೆಲ್ಲ ಏನಂದ್ಕೊಂಡ್ವಿ?" ಎಂದಳು ಪತ್ತೆಯಮ್ಮ. "ನಿನ್ನೆಗೂ ಇವತ್ತಿಗೂ ತೂಕ ಬದಲಾಗಿಲ್ಲ, ಅದಕ್ಕೇ ಅಂಗಡಿಯಿಂದ್ಲೇ ಮರಳು ಬಂತು ಅಂತ. ತಿರುಗಿಸಿ ನೋಡಿ. ಅಂಗಡಿಯವನು ಕದ್ದಿದ್ರೆ ಇಷ್ಟು ನಾಜೂಕು ಯಾಕೆ ಬೇಕಿತ್ತು? ನೀವು ಎಷ್ಟೋ ವರ್ಷದಿಂದ ಆ ಪೆಟ್ಟಿಗೆ ಎತ್ತೇ ಇರ್ಲಿಲ್ಲ. ಎರಡು ಇಟ್ಟಿಗೆ ಹಾಕಿ ಕೊಟ್ಟಿದ್ರೂ ಹೊತ್ಕೊಂಡು ಬರ್ತಿದ್ರಿ. ತೂಕ ಸರಿಮಾಡೋ ಚಿಂತೆ ಯಾರಿಗೆ? ನಿನ್ನೆ ಸಂಜೆ ನಿಜವಾದ ಗಿಟಾರ್ ಹೊತ್ತು ತಂದವರು ಇವತ್ತು ಬೆಳಿಗ್ಗೆ ಮತ್ತೆ ಎತ್ತುತ್ತಾರೆ, ಗೊತ್ತಾಗಿಬಿಡುತ್ತೆ ಅಂತ ಹೆದರಿದವರಿಗೆ."

ಪತ್ತೆಯಮ್ಮ ಇನ್ನೊಂದು ಗುಟುಕು ಕುಡಿದಳು.

"ಎಲ್ಲರೂ ಮರಳು ನೋಡಿದ್ರು. ನಾನೂ ಮೊದಲು ಅದನ್ನೇ ನೋಡಿದೆ. ನೋಡಬೇಕಾಗಿದ್ದು ಪೈಪು. ಬರೀ ಭಾರಕ್ಕಾದ್ರೆ ಮರಳು ಸಾಕಾಗಿತ್ತಲ್ಲ? ಸಪೂರ ತುದೀಲಿ ಕಬ್ಬಿಣ ಯಾಕೆ? ಪೆಟ್ಟಿಗೆ ತಲೆ ಕಡೆ ವಾಲಬೇಕು, ಅದಕ್ಕೆ. ಅದು ವಾಲುತ್ತೆ ಅಂತ ರಿಪೇರಿಯವನಿಗೆ ಗೊತ್ತಿಲ್ಲ, ಅವನು ಪೆಟ್ಟಿಗೆ ಎತ್ತಲ್ಲ. ಅಂಗಡಿಯವನಿಗೂ ಗೊತ್ತಿಲ್ಲ, ಅವನು ತಬ್ಬಿ ಎತ್ತೋನು. ನನ್ನ ಕೌಂಟರಲ್ಲಿ ಒಂದೇ ಥರದ ಚೀಲ ಎರಡಿದ್ರೆ ನಾನು ಬಣ್ಣ ಕೇಳ್ತಿರ್ಲಿಲ್ಲ. ಕೈಗೆ ಕೊಡ್ತಿದ್ದೆ. ಹೊತ್ತವರ ಅಂಗೈಗೆ ಗೊತ್ತಿರುತ್ತೆ." ಲೋಟ ಕೆಳಗಿಟ್ಟಳು. "ಕಾರ್ಯಕ್ರಮಕ್ಕೆ ಹೋಗುವಾಗ ನಿಮ್ಮ ಎರಡು ಕೈಯಲ್ಲೂ ಆ ಶನಿ ಡಬ್ಬ ಇರ್ತಿತ್ತು. ಗಿಟಾರ್ ಯಾರ ಕೈಲಿ ಇರ್ತಿತ್ತು?"

ಅವನು ಹೆಂಡತಿಯ ಕಡೆ ತಿರುಗಿದ.

"ನನ್ನ ಕೈಲಿ," ಎಂದಳು ಅವಳು. "ಮದುವೆಯಾದ ವಾರದಿಂದ."

"ನೀನಾ?"

"ನಾನೇ. ಪೈಪು ಹಾಕೋದು ಬೇಡ ಅಂತಾನೂ ಅನ್ನಿಸ್ತು. ನಿಮಗೆಲ್ಲಿ ಗೊತ್ತಾಗ್ತಿತ್ತು. ಆದ್ರೆ ಎತ್ತಿ ನೋಡಿದೆ, ಸರಿಯಾಗಿರ್ಲಿಲ್ಲ. ಹಾಗೇ ಮುಚ್ಚೋಕೆ ಮನಸ್ಸು ಬರ್ಲಿಲ್ಲ." ಪತ್ತೆಯಮ್ಮನ ಕಡೆ ನೋಡಿದಳು. "ಇವರು ಹುಡುಕ್ಲಿ, ಹುಡುಕ್ಕೊಂಡಿರ್ಲಿ ಅಂತಿದ್ದೆ ಅಕ್ಕ. ನೀವು ನಿಜವಾಗ್ಲೂ ಹುಡುಕಿ ಕೊಟ್ಬಿಡ್ತೀರಿ ಅಂತ ಯಾರಿಗೆ ಗೊತ್ತಿತ್ತು?"

"ಮಾರಿಬಿಟ್ಟೆಯಾ?" ಎಂದ ಅವನು.

"ಥಾನಿನ ಹಿಂದಿದೆ. ಮೆತ್ತಗೆ ಸುತ್ತಿಟ್ಟಿದ್ದೀನಿ." ಅವಳು ಕೂತಳು. "ಗಿಟಾರ್ ಸಿಕ್ಕರೆ ಗುಡುಗಣ್ಣ ನುಡಿಸು ಅಂತಾರೆ. ನಾಲ್ಕು ಜನ ಸೇರಿಸ್ತಾರೆ. ನಿಮ್ಮ ಆ ಕೈ... ಗುಂಡಿ ಹಾಕೋಕೇ ಆಗಲ್ಲ, ತಂತಿ ಒತ್ತೋಕೆ ಆಗುತ್ತಾ? ಅವರೆಲ್ಲರ ಮುಂದೆ ಅದು ಗೊತ್ತಾಗೋದು ಬೇಡ ಅಂತ. ನಿಮಗೇ ಗೊತ್ತಾಗೋದು ಬೇಡ ಅಂತ."

ದಪ್ಪತಂತಿ ಜೇಬಿನಿಂದ ಎಡಗೈ ತೆಗೆದ. ಉಂಗುರದ ಬೆರಳೂ ಕಿರುಬೆರಳೂ ಅಂಗೈಗೆ ಮಡಚಿಕೊಂಡೇ ಇದ್ದವು. ಅದನ್ನು ಯಾರದೋ ಸಾಮಾನು ನೋಡುವಂತೆ ನೋಡಿದ.

"ಬೆರಳು ನಂದಲ್ವೇನೇ? ನನಗೆ ಗೊತ್ತಿರಲ್ವಾ?"

"ಮತ್ತೆ ಯಾಕೆ ಹುಡುಕ್ತಿದ್ರಿ?"

"ಹುಡುಕೋಕೆ ಬೆರಳು ಬೇಡವಲ್ಲ," ಎಂದ. "ಇಷ್ಟಾಗಿರೋದು ನಿನಗೆ ಗೊತ್ತಾಗದಿರ್ಲಿ ಅಂತ ನಾನು ಜೇಬಲ್ಲಿ ಇಟ್ಕೊಂಡಿದ್ದೆ."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಕ್ಕಳೋ ಅತ್ತಳೋ ಪತ್ತೆಯಮ್ಮನಿಗೆ ತಿಳಿಯಲಿಲ್ಲ. ತಿಳಿಯಬೇಕಾದ ವಿಷಯವೂ ಅದಲ್ಲ ಎಂದು ಅವಳು ಥಾನುಗಳ ಕಡೆ ನೋಡಿದಳು.

"ನಿಮ್ಮಿಬ್ಬರದು ನೀವು ಬಗೆಹರಿಸ್ಕೊಳ್ಳಿ," ಎಂದಳು. "ಆದ್ರೆ ಆ ಊರಲ್ಲಿ ಒಬ್ಬ ತನ್ನ ಗಂಟಿನ ಮೇಲೆ ಕೈಯಿಟ್ಟು ಕೂತಿದ್ದಾನೆ. ಕದ್ದವನು ಅಂತ ಅನ್ನಿಸ್ಕೊಂಡು. ಅದು ಇವತ್ತೇ ಬಗೆಹರೀಬೇಕು."

ಹೆಂಡತಿಗೆ ಅದು ಗೊತ್ತಿರಲಿಲ್ಲ. ಎದ್ದು ಥಾನುಗಳನ್ನು ಸರಿಸಿ, ಹೊಸ ಪರದೆ ಬಟ್ಟೆಯಲ್ಲಿ ಸುತ್ತಿದ್ದ ಗಿಟಾರನ್ನು ತಂದಳು. ಮರಳಿನ ಚೀಲ ಹೊರಗೆ ಹೋಯಿತು, ಪೈಪು ಬಾಗಿಲ ಮೂಲೆಗೆ ಹೋಯಿತು. ವಾದ್ಯವನ್ನು ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ದಪ್ಪತಂತಿ ಬಗ್ಗಿ ಬಲಗೈ ಹೆಬ್ಬೆರಳಿನಿಂದ ಅತಿ ದಪ್ಪದ ತಂತಿಯನ್ನು ಒಮ್ಮೆ ಮೀಟಿದ. ಅದಕ್ಕೆ ಎಡಗೈ ಬೇಕಿರಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಸೂಜಿಡಬ್ಬಿ ಸಣ್ಣಗೆ ಗುಯ್‌ಗುಟ್ಟಿತು. ಮೂವರೂ ಅದು ನಿಲ್ಲುವ ತನಕ ಕಾದರು.

"ನಾನೇ ಹೋಗಿ ಆ ಮನುಷ್ಯನಿಗೆ ಹೇಳ್ತೀನಿ," ಎಂದಳು ಹೆಂಡತಿ. "ಗಿಟಾರ್ ಸಮೇತ. ಅಂಗಡಿಯವನ ಎದುರಿಗೇ."

"ನಾನೂ ಬರ್ತೀನಿ. ಕೊಡು, ಪೆಟ್ಟಿಗೆ ನಾನು ಎತ್ಕೋತೀನಿ."

"ನೀವು ಯಾವಾಗ ಎತ್ತಿದ್ರಿ?" ಎಂದು ಅವಳು ಅದನ್ನು ತಾನೇ ಎತ್ತಿಕೊಂಡಳು.

ಪತ್ತೆಯಮ್ಮ ಬಾಗಿಲಲ್ಲಿ ಕೂತೇ ನೋಡಿದಳು. ಅವಳ ಮಂಡಿಗೆ ಇನ್ನೊಂದು ಬಸ್ಸು ಹತ್ತುವ ತ್ರಾಣ ಇರಲಿಲ್ಲ, ಹತ್ತಬೇಕಾಗಿಯೂ ಇರಲಿಲ್ಲ. ಬೀದಿಯಲ್ಲಿ ಇಬ್ಬರೂ ನಿಧಾನವಾಗಿ ನಡೆಯುತ್ತಿದ್ದರು. ಅವನ ಎರಡೂ ಕೈ ಹೊರಗಿದ್ದವು. ಅವಳ ಕೈಯಲ್ಲಿ ಪೆಟ್ಟಿಗೆ ತಲೆ ಬಗ್ಗಿಸಿಕೊಂಡು ಹೋಗುತ್ತಿತ್ತು.