ರಾಣಿ ಹೊನ್ನಲದೇವಿಯ ಕೊನೆಯ ಅಧ್ಯಾಯ

"ನನ್ನ ಕೊನೇ ಅಧ್ಯಾಯ ಎಲ್ಲೈತ್ರಿ?!"

ಹಾನಗಲ್ ಬಸ್ ನಿಲ್ದಾಣದೆದುರಿನ ಡಿಟಿಪಿ ಅಂಗಡಿಗೆ ನುಗ್ಗಿದ ವಾಣಿಶ್ರೀ, ಟೈಪಾದ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

ಅಂಗಡಿಯ ಪರಮೇಶ ಕಂಪ್ಯೂಟರಿನಿಂದ ತಲೆಯೆತ್ತಿದ. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಅವನಿಗೆ ಸಂಕಟವಾಯಿತು.

"ಮೊದ್ಲ ಕುಂದರ್ರಿ..."

"ಕುಂದ್ರಾಕ ಬಂದಿಲ್ಲ!"

ಶಿಗ್ಗಾವಿಯ ಶಾಲೆಯಲ್ಲಿ ದಿನವಿಡೀ ಪಾಠ, ಆಮೇಲೆ ಬಸ್ಸಿನಲ್ಲಿ ನಿಂತು ಪ್ರಯಾಣ. ಸಿಟ್ಟು ಬಿಟ್ಟರೆ ಅವಳಲ್ಲಿ ಬೇರೆ ತ್ರಾಣವಿರಲಿಲ್ಲ. ಗಂಡ ತೀರಿಕೊಂಡು ಆರು ವರ್ಷ. ಆ ಆರು ವರ್ಷವೂ ಅವಳು ಬರೆದದ್ದು ಒಂದೇ ಕಾದಂಬರಿ, ಸಣ್ಣ ಸಂಸ್ಥಾನವೊಂದರ ಪಟ್ಟದ ರಾಣಿ ಹೊನ್ನಲದೇವಿಯದು. ಅವಳ ಅಜ್ಜಿಯೂರಿನ ಕೆರೆದಂಡೆಯಲ್ಲಿ ಅರ್ಧ ಹುಗಿದು ನಿಂತ ಮಾಸ್ತಿಕಲ್ಲೇ ಅದಕ್ಕೆ ಆಧಾರ. ಬಳೆ ತೊಟ್ಟು ಮೇಲೆತ್ತಿದ ಕೈ, ಕೆಳಗೆ ರಾಣಿಯ ಹೆಸರು. ಗಂಡನ ಚಿತೆಯೇರಿದ ರಾಣಿ! ಕೊನೆಯ ಅಧ್ಯಾಯವನ್ನು ಅವಳು ಅಳುತ್ತಲೇ ಬರೆದಿದ್ದಳು.

ಪರಮೇಶ ಇಪ್ಪತ್ತೆರಡು ಅಧ್ಯಾಯ ಟೈಪ್ ಮಾಡಿ, ಅದೊಂದನ್ನೇ ಬಿಟ್ಟಿದ್ದ.

ಅಷ್ಟು ಕೆಟ್ಟದಾಗಿತ್ತೇ? ಇವನೊಬ್ಬನಾದರೂ ಮನಸ್ಸಿಟ್ಟು ಓದುತ್ತಾನೆ ಅಂದುಕೊಂಡಿದ್ದೆನಲ್ಲ...

"ಚೊಲೊ ಇರಲಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತು," ಅವಳು ಹಾಳೆಗಳನ್ನು ಅವನತ್ತ ತಳ್ಳಿದಳು.

ಪರಮೇಶ ಕಪಾಟಿನಿಂದ ಉದ್ದನೆಯ ಕಾಗದದ ಸುರುಳಿ ತೆಗೆದು ಬಿಡಿಸಿದ. ಕಪ್ಪು ಮಸಿಯ ನಡುವೆ ಬಿಳಿ ಅಕ್ಷರಗಳು. ಅದೇ ಕಲ್ಲಿನ ಅಚ್ಚು!

"ಮೂರು ಐತವಾರ ಆ ಕೆರಿಗೆ ಹೋಗಿದ್ದೆ. ಊರವರನ್ನ ಕೇಳಿ ಬುಡದ ಮಣ್ಣು ತಗಿಸ್ದೆ. ಹಸಿ ಕಾಗದ ಹಚ್ಚಿ, ಬ್ರಷ್‌ಲೆ ಬಡದು, ಮಸಿ ಒತ್ತಿ... ಎರಡು ಹರದ್ವು, ಮೂರನೇದು ಬಂತು. ಹಳಗನ್ನಡ ಬಲ್ಲ ಮಾಸ್ತರ ಕಡೆ ಓದಿಸ್ದೆ."

"ಏನೈತಿ ಅದ್ರಾಗ?"

"ಆ ಕೈ ರಾಣೀದಲ್ರಿ! ಚಿತಿ ಏರಿದಾಕಿ ರಾಣಿ ಗೆಳತಿ. ರಾಣಿ ಆ ಕಲ್ಲು ನಿಲ್ಲಿಸಿದಾಕಿ. ಅದೂ ತನ್ನ ಗಂಡ ಹೋಗಿ ಹನ್ನೊಂದು ವರ್ಷಕ್ಕ! ಕೆರಿ ಕಟ್ಟಿಸಿದಾಕಿನೂ ಆಕಿನ."

ವಾಣಿಶ್ರೀ ಕುರ್ಚಿಯಲ್ಲಿ ಕುಳಿತಳು. ಮಣ್ಣೊಳಗಿನ ಸಾಲುಗಳನ್ನು ನೋಡಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಗಂಡ ಹೋದ ಮೇಲೆ ಹೆಣ್ಣಿಗೆ ಮುಂದಿನ ಕಥೆಯೇ ಇಲ್ಲವೆಂದು ನಾನೂ ನಂಬಿಬಿಟ್ಟಿದ್ದೆನೇ?

"ನನಗ ಯಾಕ ಹೇಳಲಿಲ್ಲ?"

"ಅಚ್ಚು ಕೈಗೆ ಬರೋತನಕ ಏನಂತ ಹೇಳ್ಲಿ?" ಅವನು ತಲೆ ತಗ್ಗಿಸಿದ. "ಆಕಿನ್ನ ಸಾಯಿಸೂದು ನನ್ನ ಕೈಲೆ ಆಗಲಿಲ್ರಿ, ಅದಕ್ಕ ಕಲ್ಲು ನೋಡಾಕ ಹೋದೆ. ಓದೋವಾಗ ನೀವ ಕಾಣ್ತಿದ್ರಿ. ವಾಣಿಶ್ರೀ... ನಾ ನಿಮ್ಮನ್ನ ಪ್ರೀತಿ ಮಾಡ್ತೇನಿ."

ಹೊರಗೆ ಹಾವೇರಿ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಅವಳು ಮನೆಗೆ ಹೋಗಬೇಕಾದ ಬಸ್ಸು ಅದೇ. ಅವಳು ಏಳಲಿಲ್ಲ.

"ಭಾಳ ದಣದೇನಿ ಪರಮೇಶ... ನಮ್ಮವ್ವ ನಿಮ್ಮ ಜಾತಿ ಎತ್ತತಾಳ. ಊರು ಆಡಿಕೋತೈತಿ. ಜಗಳಾಡಾಕ ನನಗ ಶಕ್ತಿ ಇಲ್ಲ."

"ಇವತ್ತ ಜಗಳ ಬ್ಯಾಡ. ಇವತ್ತ ಬರೇ ಕುಂದರ್ರಿ."

ಎಷ್ಟೋ ಹೊತ್ತು ಅವಳು ಆ ಬಿಳಿ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಆಮೇಲೆ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ಹೊಸಾ ಪುಟ ತಗೀರಿ. ಬರೀರಿ... ಅರಸ ಹೋದ ಮರುದಿನ ರಾಣಿ ಎದ್ದಳು."

"ಎದ್ದು?"

"ಏನ್ ಮಾಡ್ಲಿ ಆಕಿ?"

"ಮೊದ್ಲ ಒಂದು ಕಪ್ ಚಾ ಕುಡೀಲಿ."

"ಅಯ್ಯ, ಆಗ ಚಾ ಎಲ್ಲಿತ್ತರಿ!" ವಾಣಿಶ್ರೀ ನಕ್ಕಳು. ತನ್ನ ನಗು ಕೇಳಿ ತಾನೇ ಬೆರಗಾದಳು.

"ಹಂಗಾರ ಆಕಿ ಪಾಲಿಂದು ನೀವ ಕುಡೀರಿ."

"ಇಬ್ಬರಿಗೂ ತರಿಸ್ರಿ. ಮತ್ತ... ಈ ಐತವಾರ ಕಲ್ಲಿನ ಕಡೆ ಹೋಗಬ್ಯಾಡ್ರಿ. ಮನಿಗೆ ಬರ್ರಿ. ಅವ್ವನ ಮುಂದ ನಾನ ಹೇಳ್ತೇನಿ."