ಇಳಿಸಿದ ಎರಡು ತಂತಿ

"ಯಾರನ್ನ ಕೇಳಿ ತಂತಿ ಇಳಿಸಿದ್ರಿ?"

ಹಾಡು ಮುಗಿದದ್ದೇ ತಡ, ಹಾಡುಗಾರ್ತಿ ಜಿನಾಷ್ ಗಿರುಮ್ ಮೇಲೆ ಹರಿಹಾಯ್ದಳು. ದೆಸ್ಸಿಯೆ ಊರಿನ ಆ ತೆಜ್ ಅಂಗಡಿಗೆ ಅಂದೇ ಸೇರಿದ, ಕ್ರಾರ್ ಎಂಬ ತಂತಿವಾದ್ಯದ ವಾದಕ ಅವನು. ನಿಶ್ಚಿತಾರ್ಥ ಮುಗಿಸಿ ತೆಜ್ ಎಂಬ ಜೇನಿನ ಮದ್ಯ ಕುಡಿಯಲು ಬಂದವರು ತಿಜಿತಾ ಹಾಡಲು ಕೇಳಿದ್ದರು. ಅದು ನೆನಪಿನ ಹಾಡು. ಆದರೂ ಮೇಜರ್ ಶ್ರುತಿಯಲ್ಲಿ ಹಾಡಿದರೆ ಅದಕ್ಕೊಂದು ಬೆಳಕಿರುತ್ತದೆ. ಇವನು ನಡುವೆಯೇ ಗಾಂಧಾರ, ಧೈವತದ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶೋಕದ ಮೈನರಿಗೆ ತಂದುಬಿಟ್ಟಿದ್ದ.

"ನಿಶ್ಚಿತಾರ್ಥಾನ ಸಾವಿನ ಮನೆ ಮಾಡಿದ್ರಲ್ಲೋ" ಎಂದು ಒಬ್ಬ ಗೊಣಗಿದ್ದ.

ಗಿರುಮ್ ತಲೆ ಎತ್ತಲಿಲ್ಲ. "ತಪ್ಪಾಯ್ತು" ಎಂದ, ಅಷ್ಟೇ.

ಆ ಒಂದೇ ಮಾತು ಅವಳನ್ನು ಇನ್ನಷ್ಟು ಸುಟ್ಟಿತು. ತಮ್ಮ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗಿನಿಂದ ಅವಳು ಅತ್ತಿರಲಿಲ್ಲ. ದೇಹವೂ ಬರಲಿಲ್ಲ. ಅವನ ನೆನಪಿಗೆ ಉಳಿದದ್ದು ಈ ಹಾಡೊಂದೇ... ಅದನ್ನೂ ಇವನು ಸಾವಿನ ಹಾಡು ಮಾಡಿದನೇ?

ಅಂಗಡಿಯ ಒಡತಿ ಅಬೊನೆಷ್ ಹತ್ತಿರ ಬಂದಳು. "ನೋಡು ಮಗಳೇ, ನಾಳೆ ನಗ್ತಾ ಹಾಡು. ಆಗಲ್ಲ ಅಂದ್ರೆ ಬೇರೆಯವಳನ್ನ ನೋಡ್ಕೋತೀನಿ."

ಮರುದಿನ ಗಿರುಮ್ ತಂತಿಗಳನ್ನು ಮೇಜರಿಗೆ ಶ್ರುತಿ ಮಾಡಿ ಹಾಗೇ ಬಿಟ್ಟ.

ಜಿನಾಷ್ ಹಾಡು ಎತ್ತಿಕೊಂಡಳು. ಎರಡನೇ ಸಾಲಿಗೇ ದನಿ ಗಾಂಧಾರದ ಕೆಳಗೆ ನಿಂತಿತು... ಧೈವತದಲ್ಲೂ ಹಾಗೆಯೇ. ತಂತಿ ಒಂದು ಕಡೆ, ದನಿ ಒಂದು ಕಡೆ. ಯಾರೋ ಕಿಸಕ್ಕನೆ ನಕ್ಕರು.

"ಗಂಟಲಿಗೆ ಒಂದು ಗುಟುಕು ಕೊಡ್ರಪ್ಪಾ ಅವಳಿಗೆ."

ನಿನ್ನೆಯೂ ಹೀಗೇ ಇಳಿದಿತ್ತೇ ನನ್ನ ದನಿ?

ಹಾಡು ನಿಲ್ಲಿಸಿ ಅವನತ್ತ ತಿರುಗಿದಳು. "ಇಳಿಸಿ."

ಎರಡು ತಂತಿ ಇಳಿದವು. ದನಿಗೆ ನೆಲ ಸಿಕ್ಕಿತು. ತಮ್ಮನ ಹೆಸರು ಸೇರಿಸಿ ಹಾಡಿದಳು, ಹಾಡುತ್ತಲೇ ಅತ್ತಳು. ಯಾರೂ ನಗಲಿಲ್ಲ. ಒಬ್ಬರನ್ನಾದರೂ ಕಳೆದುಕೊಳ್ಳದ ಮನೆ ಆ ಊರಿನಲ್ಲಿ ಇರಲಿಲ್ಲ.

"ನಾಳೆ ಬೇಗ ಬಾ" ಎಂದಷ್ಟೇ ಹೇಳಿ ಅಬೊನೆಷ್ ಒಳಗೆ ಹೋದಳು.

ಹೊರಗೆ ಗೋಡೆಗೊರಗಿ ನಿಂತು ಜಿನಾಷ್ ಕೇಳಿದಳು, "ನಿನ್ನೆಯೇ ಹೇಳಬಹುದಿತ್ತಲ್ಲ?"

"ಎಲ್ಲರ ಮುಂದೆ, ನಿಮ್ಮ ದನಿ ಬೀಳ್ತಿದೆ ಅಂತಲಾ? ತಂತೀದೇ ತಪ್ಪು ಅಂದ್ಕೊಳ್ಳಲಿ ಅಂತ ಬಿಟ್ಟೆ." ಅವನು ಸೇರಿಸಿದ, "ಆ ದನಿ ಕೇಳಿಯೇ ನಾನು ಈ ಅಂಗಡಿ ಸೇರಿದ್ದು."

ಜಿನಾಷ್ ಗೋಡೆ ಬಿಟ್ಟು ಅವನ ಎದುರಿಗೆ ಬಂದಳು.

"ಈ ದನಿ ಮತ್ತೆ ಮೇಲೇರದಿದ್ರೆ?"

"ನಾನೂ ಕೆಳಗೇ ಇರ್ತೀನಿ."

"ಏರಿದ್ರೆ?"

"ತಂತಿ ಬಿಗೀತೀನಿ. ಹೋಗು ಅಂದ್ರೂ ಹೋಗಲ್ಲ, ಜಿನಾಷ್."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇನ್ನೊಂದ್ಸಲ ಕರಿ," ಎಂದಳು.