ಒಂದು ಗೇಟು, ಎರಡು ಬೀಗ

ಠಣ್!

ಹಾಕಿ ಸ್ಟಿಕ್ ಗೇಟಿನ ಕಬ್ಬಿಣಕ್ಕೆ ಬಡಿಯಿತು. ನನ್ನ ಮೊಣಕಾಲಿಗೂ ಅದಕ್ಕೂ ಒಂದು ಗೇಣು!

"ಕೆಳಗಿಳೀರಿ ಮೇಡಂ! ಇದು ನಮ್ಮ ಗೇಟು!" ಭಾಟಿಯಾ ಅರಚಿದರು.

"ನಿಮ್ಮದಾ? ಗೇಟು ನಮ್ಮದು!" ಆಚೆ ಕಡೆಯಿಂದ ತ್ಯಾಗಿ. ಅವರ ಕೈಯಲ್ಲಿ ಚೈನು. ಚೈನಿನ ತುದಿಗೆ ಅಲ್ಸೇಷಿಯನ್. ಅದರ ಕಣ್ಣು ನನ್ನ ಎಡಗಾಲಿನ ಮೇಲೆ...

ನಾನು ಗೇಟಿನ ನೆತ್ತಿಯ ಮೇಲೆ ಕೂತಿದ್ದೆ. ಬಲಗಾಲು ಶಾಂತಿ ವಿಹಾರದಲ್ಲಿ. ಎಡಗಾಲು ಮೈತ್ರಿ ವಿಹಾರದಲ್ಲಿ. ದಿಲ್ಲಿಯಲ್ಲಿ ಕಾಲೊನಿಗಳಿಗೆ ಹೆಸರಿಡುವವರಿಗೆ ಹಾಸ್ಯಪ್ರಜ್ಞೆ ಜಾಸ್ತಿ.

ಬಲಗಾಲಿನ ಕಡೆ ಒಂದು ಆಂಬುಲೆನ್ಸ್. ಒಳಗೆ ಶಾಂತಿ ವಿಹಾರದ ಚಂಪಾ ಎದೆ ಹಿಡಿದುಕೊಂಡು ಮಲಗಿದ್ದರು.

ನನ್ನ ಹೆಸರು ಚಿನ್ಮಯಿ. ನಗರಾಡಳಿತದಲ್ಲಿ ಕಮ್ಯುನಿಟಿ ಕೋಆರ್ಡಿನೇಟರ್. ಹಾಗಂದರೇನು ಅಂತೀರಾ? ಅಕ್ಕಪಕ್ಕದ ನಿವಾಸಿಗಳ ಸಂಘಗಳನ್ನು ಒಟ್ಟಿಗೆ ಕೂರಿಸಿ, ಸಮೋಸ ತಿನ್ನಿಸಿ, ಒಕ್ಕೂಟ ಕಟ್ಟುವುದು. 'ನಾಗರಿಕರ ಸಹಭಾಗಿತ್ವ' ಅಂತ ಬ್ಯಾನರ್ ಹಾಕುವುದು. ಆ ಬ್ಯಾನರಿನ ಕೆಳಗೇ ಅವರು ಕಾಲರ್ ಹಿಡಿದುಕೊಂಡರೆ ಬಿಡಿಸುವುದು.

ರೌಡಿಗಳನ್ನು ಸಂಭಾಳಿಸಬಹುದು. ರಿಟೈರ್ ಆಗಿ ಸಂಘದ ಅಧ್ಯಕ್ಷರಾದವರನ್ನಲ್ಲ! ರೌಡಿಗೆ ಬೇರೆ ಕೆಲಸವಾದರೂ ಇರುತ್ತದೆ.

ಜಗಳ ಇಷ್ಟೇ. ಮೈತ್ರಿ ವಿಹಾರದ ಕಾರುಗಳು ಶಾರ್ಟ್‌ಕಟ್ ಹೊಡೆಯುತ್ತವೆ ಅಂತ ಶಾಂತಿ ವಿಹಾರದ ಅಧ್ಯಕ್ಷ ಭಾಟಿಯಾ ಗೇಟಿಗೆ ಬೀಗ ಜಡಿದರು. ಹಾಗಾದರೆ ನಮ್ಮ ಪಾರ್ಕಿಗೆ ನೀವೂ ಬರಬೇಡಿ ಅಂತ ಮೈತ್ರಿ ವಿಹಾರದ ಅಧ್ಯಕ್ಷ ತ್ಯಾಗಿ ಇನ್ನೊಂದು ಜಡಿದರು. ಎರಡು ಬೀಗ, ಎರಡು ಕಡೆ. ಒಬ್ಬರ ಕೀ ಇನ್ನೊಬ್ಬರ ಹತ್ತಿರ ಇಲ್ಲ.

ಆಸ್ಪತ್ರೆ ಇದ್ದದ್ದು ಮೈತ್ರಿ ವಿಹಾರದ ಬೆನ್ನಿಗೆ. ಸುತ್ತಿ ಹೋಗೋಣವೆಂದರೆ ಅವತ್ತು ಭಾನುವಾರ. ಸರೋಜಿನಿ ನಗರದ ಮಾರ್ಕೆಟ್ಟಿಗೆ ಅರ್ಧ ದಿಲ್ಲಿ ಬಂದಿತ್ತು. ರೋಡು ಪೂರ್ತಿ ಜಾಮ್.

"ಮೇಡಂ, ಏನಾದ್ರೂ ಮಾಡಿ..." ಚಂಪಾರ ಗಂಡ ಐತಪ್ಪ ಕೈ ಮುಗಿದರು. ಆ ಮಾರ್ಕೆಟ್ಟಿನಲ್ಲೇ ದೋಸೆ ಹೋಟೆಲ್ ನಡೆಸುವ ಮನುಷ್ಯ. "ಇವಳ ಕೈಯೆಲ್ಲ ತಣ್ಣಗಾಗ್ತಾ ಉಂಟು."

"ಆಂಟಿ, ಜಲ್ದೀ!" ಮಗಳು ಮೋನಿಷಾ ಒಳಗಿಂದ ಕೂಗಿದಳು. "ಅಮ್ಮಂಗೆ ಉಸಿರು ಠೀಕ್ ಸೇ ಬರ್ತಿಲ್ಲ!"

ಬಾಲ್ಕನಿಗಳು ತುಂಬಿದ್ದವು. ಎಲ್ಲರ ಕೈಯಲ್ಲೂ ಮೊಬೈಲು. ಕಾಲೊನಿಯ ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿದ ಇಮೋಜಿಗಳ ಸುರಿಮಳೆ. ಕೆಳಗೆ ಬಂದವರು? ಒಬ್ಬರೂ ಇಲ್ಲ!

"ಭಾಟಿಯಾ ಸಾಬ್, ಬೀಗ ತೆಗೀರಿ. ಹೆಂಗಸು ಸಾಯ್ತಿದಾರೆ."

"ಅವನು ಮೊದಲು ತೆಗೀಲಿ."

"ತ್ಯಾಗೀಜೀ?"

"ಕಮಿಟಿ ನಿರ್ಣಯ ಮಾಡದೆ ಹೇಗೆ ತೆಗೆಯೋದು ಮೇಡಂಜೀ? ಕೋರಂ ಬೇಕು, ಅರ್ಧ ಸದಸ್ಯರಾದರೂ ಹಾಜರಿರಬೇಕು."

ಕೋರಂ! ಹೃದಯ ನಿಲ್ಲುವುದಕ್ಕೆ ಕೋರಂ ಬೇಡವಲ್ಲ...

ಕರುಣೆಯಿಂದ ಈ ಗೇಟು ತೆರೆದುಕೊಳ್ಳುವುದಿಲ್ಲ ಅಂತ ಗೊತ್ತಾಯಿತು. ನಾನು ಭಾಟಿಯಾರ ಕಡೆ ಬಗ್ಗಿದೆ. ದನಿ ತಗ್ಗಿಸಿದೆ.

"ಸಾಬ್, ಒಕ್ಕೂಟಕ್ಕೆ ಅಧ್ಯಕ್ಷರು ಯಾರು ಅಂತ ಆಫೀಸಿನಲ್ಲಿ ಕೇಳ್ತಿದಾರೆ. ಮೊದಲು ಬೀಗ ತೆಗೆದವರ ಹೆಸರು ಬರೆಸ್ತೀನಿ. ಫೋಟೋ ಸಮೇತ."

ಶುದ್ಧ ಸುಳ್ಳು!

ಭಾಟಿಯಾರ ಮೀಸೆ ಅಲುಗಾಡಿತು. ಹಾಕಿ ಸ್ಟಿಕ್ ಕೆಳಗೆ ಬಿತ್ತು. ಜೇಬಿನಿಂದ ಕೀ ಹೊರಬಂತು. ಕಟಕ್!

ಒಂದು ಬೀಗ ಬಿತ್ತು.

"ಫೋಟೋ!" ಅಂದರು ಭಾಟಿಯಾ. ಕೂದಲು ಸರಿಮಾಡಿಕೊಂಡರು.

ನಾನು ತ್ಯಾಗಿ ಕಡೆ ತಿರುಗಿದೆ. ಮನುಷ್ಯ ಇಲ್ಲ!

ಓಡುತ್ತಿದ್ದರು. ನಾಯಿ, ಕೀ ಸಮೇತ ಓಡುತ್ತಿದ್ದರು. ನನ್ನ ಪಿಸುಮಾತು ಅವರ ಕಿವಿಗೂ ಬಿದ್ದಿತ್ತು. ಗೇಟು ತೆರೆದು ಭಾಟಿಯಾಗೆ ಅಧ್ಯಕ್ಷಗಿರಿ ಸಿಗಬಾರದು, ಅಷ್ಟೇ!

ಮೈತ್ರಿ ವಿಹಾರದ ಕಡೆ ಧುಮುಕಿದೆ. ಪಾದ ಉಳುಕಿತು. ಕಣ್ಣಲ್ಲಿ ನೀರು ಬಂತು. ಅಳುವುದಕ್ಕೆ ಟೈಮಿರಲಿಲ್ಲ.

ಪಾರ್ಕಿನೊಳಗೆ ನುಗ್ಗಿದರು ತ್ಯಾಗಿ. ಅಲ್ಲಿ ಹಿರಿಯ ನಾಗರಿಕರ ನಗೆ ಕ್ಲಬ್ಬು ವೃತ್ತಾಕಾರವಾಗಿ ನಿಂತು ಹಾಹಾ ಹೋಹೋ ಅನ್ನುತ್ತಿತ್ತು. ವೃತ್ತದ ಮಧ್ಯದಿಂದ ತ್ಯಾಗಿ ಹಾದರು. ಹಿಂದೆ ನಾನು ಕುಂಟುತ್ತ. ನಗೆ ನಿಲ್ಲಲಿಲ್ಲ.

"ಹಿಡೀರಿ ಅವರನ್ನ!"

"ಹಾಹಾಹಾ!"

ಜಾರುಬಂಡೆಯ ಹತ್ತಿರ ನಾಯಿ ನಿಂತಿತು. ಅದಕ್ಕೆ ಒಂದು ಬೆಕ್ಕು ಕಂಡಿತ್ತು. ಬಲಕ್ಕೆ ಎಳೆಯಿತು. ತ್ಯಾಗಿ ಎಡಕ್ಕೆ ಎಳೆದರು. ನಾಯಿ ಗೆದ್ದಿತು. ಸಂಘದ ಅಧ್ಯಕ್ಷರು ಮರಳಿನ ಮೇಲೆ ಬೋರಲು!

ಅವರ ಮೇಲೆ ಬಿದ್ದೆ. ಕುರ್ತಾದ ಜೇಬಿಗೆ ಕೈ ಹಾಕಿದೆ. ಕೈಗೆ ಹಲ್ಲು ನಾಟಿತು... ನಾಯಿಯದಲ್ಲ, ತ್ಯಾಗಿಯದು!

"ನಿಮ್ಮ ನೌಕರಿ ತೆಗೆಸ್ತೀನಿ!"

"ತೆಗೆಸಿ. ಮೊದಲು ಗೇಟು."

ಕೀ ಸಿಕ್ಕಿತು. ವಾಪಸ್ ಓಡಿದೆ. ಬೀಗಕ್ಕೆ ತುಕ್ಕು ಹಿಡಿದಿತ್ತು. ತಿರುಗಲಿಲ್ಲ. ಐತಪ್ಪ ಭಾಟಿಯಾರ ಹಾಕಿ ಸ್ಟಿಕ್ ಎತ್ತಿಕೊಂಡು ಕಂಬಿಗಳ ಸಂದಿಯಿಂದ ಒಂದೇಟು ಬಿಟ್ಟರು. ಮತ್ತೆ ತಿರುಗಿಸಿದೆ... ಕಟಕ್!

ಆಂಬುಲೆನ್ಸ್ ಬಾಣದ ಹಾಗೆ ಹೋಯಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸುಳ್ಳು ಹೇಳುವುದಿಲ್ಲ, ಭಯದಿಂದಲೇ.

ಚಂಪಾ ಬದುಕಿದರು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರಂತೆ ಡಾಕ್ಟರು.

ಮುಂದಿನ ವಾರ ನನ್ನ ಬಾಸ್ ಚಡ್ಢಾ ಸಾಹೇಬರು ಕರೆದರು. ಮುಖದ ತುಂಬ ನಗು.

"ಕಂಗ್ರಾಜುಲೇಷನ್ಸ್ ಚಿನ್ಮಯಿ! ಒಕ್ಕೂಟ ಆಯ್ತು. ಭಾಟಿಯಾ, ತ್ಯಾಗಿ ಇಬ್ಬರೂ ಜಂಟಿ ಅಧ್ಯಕ್ಷರು. ಒಟ್ಟಿಗೆ ಮೀಟಿಂಗ್ ಮಾಡಿ ಎರಡು ನಿರ್ಣಯ ಪಾಸ್ ಮಾಡಿದಾರೆ. ಸರ್ವಾನುಮತ!"

"ಏನು ಸರ್?"

"ಒಂದು, ನಿಮ್ಮನ್ನ ಎತ್ತಂಗಡಿ ಮಾಡಬೇಕು. ಹಿರಿಯ ನಾಗರಿಕರ ಮೇಲೆ ಹಲ್ಲೆ."

"ಇನ್ನೊಂದು?"

ಸಾಹೇಬರು ಕೆಮ್ಮಿದರು. "ಗೇಟು ಮತ್ತೆ ತೆರೆಯದ ಹಾಗೆ ವೆಲ್ಡಿಂಗ್. ಆಗಲೇ ಮಾಡಿಸಿಬಿಟ್ಟಿದಾರೆ. ಕೋರಂ ಇತ್ತು."

"ಅನುಮತಿ ಕೊಟ್ಟಿದ್ದು ಯಾರು ಸರ್?"

"ಸಹಭಾಗಿತ್ವ ಅಂದ್ಮೇಲೆ ನಾವು ಮಧ್ಯ ಬರಬಾರದು ಚಿನ್ಮಯಿ. ವಾರ್ಷಿಕ ವರದಿಗೆ ಒಂದು ಸಕ್ಸಸ್ ಸ್ಟೋರಿ ಬರೆದುಕೊಟ್ಟು ಹೋಗಿ."

ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ.

ಆಮೇಲೆ ಕುಂಟುತ್ತ ಹೊರಗೆ ಬಂದು, ಆ ಗೇಟಿಗೆ ವೆಲ್ಡಿಂಗ್ ಮಾಡಿದ ಭಯ್ಯಾನಿಗೆ ಫೋನ್ ಹಚ್ಚಿದೆ. ಒಳ್ಳೇ ಮನುಷ್ಯ... ಅವನ ಹತ್ತಿರ ಗ್ಯಾಸ್ ಕಟರೂ ಇದೆ!